ರಾಷ್ಟ್ರೀಯ ಹಬ್ಬದ ಬೆಳಗಿಗೆ ಹಣ್ಣು–ಮೊಸರಿನ ಪದರ ಬಟ್ಟಲು: ಗ್ರಾಮ ಪಂಚಾಯಿತಿ ಸದಸ್ಯರಿಗೆ ಅಧ್ಯಯನ ಪಾಠ

ಪಾಠದ ಉದ್ದೇಶ

ಆಗಸ್ಟ್ 15ರ ಬೆಳಗ್ಗೆ ಗ್ರಾಮ ಪಂಚಾಯಿತಿ ಕಚೇರಿ, ಶಾಲೆ ಹಾಗೂ ಅಂಗನವಾಡಿಗಳಲ್ಲಿ ಧ್ವಜಾರೋಹಣ ನೆರವೇರುತ್ತದೆ. ಅಂದು ಮಕ್ಕಳು ಬೇಗ ಎದ್ದು, ಸಮವಸ್ತ್ರ ಧರಿಸಿ, ಪ್ರಭಾತಫೇರಿಯಲ್ಲಿ ಊರು ಸುತ್ತಿ, ಭಾಷಣಗಳು ಮುಗಿಯುವವರೆಗೆ ಸಾಲಿನಲ್ಲಿ ನಿಲ್ಲುತ್ತಾರೆ. ಅವರಲ್ಲಿ ಕೆಲವರು ಬೆಳಗ್ಗೆ ಮನೆಯಲ್ಲಿ ಏನನ್ನೂ ತಿಂದಿರುವುದಿಲ್ಲ. ಅಂಥ ಮಕ್ಕಳಿಗೆ ಕಾರ್ಯಕ್ರಮದ ಕೊನೆಯಲ್ಲಿ ಕೈಗೆ ಬರುವ ಸಿಹಿಯೇ ಆ ದಿನದ ಮೊದಲ ಆಹಾರ. ಅದು ಒಂದು ಚಾಕೊಲೇಟ್ ಅಥವಾ ಒಂದು ತುಂಡು ಮಿಠಾಯಿ ಆಗಿದ್ದರೆ ಹಬ್ಬದ ಸಂತೋಷ ಉಂಟಾದೀತು, ಹಸಿವು ಇಂಗದು.

ಹಣ್ಣು, ಗಟ್ಟಿ ಮೊಸರು ಮತ್ತು ಹುರಿದ ಅವಲಕ್ಕಿಯನ್ನು ಒಂದರ ಮೇಲೊಂದು ಪದರವಾಗಿ ಜೋಡಿಸಿದ ಬಟ್ಟಲು ಇದಕ್ಕೆ ಸುಲಭವಾದ ಪರ್ಯಾಯ. ಒಲೆಯ ಕೆಲಸ ಬಹಳ ಕಡಿಮೆ; ಬೇಕಾಗುವ ಪದಾರ್ಥಗಳೆಲ್ಲ ತಾಲ್ಲೂಕು ಕೇಂದ್ರದ ಸಂತೆಯಲ್ಲಿಯೇ ದೊರೆಯುತ್ತವೆ. ಆದರೆ ಮೊಸರು ಮತ್ತು ಹೆಚ್ಚಿದ ಹಣ್ಣು ಬೇಗ ಕೆಡುವ ಪದಾರ್ಥಗಳು. ನೂರಾರು ಮಕ್ಕಳಿಗೆ ಏಕಕಾಲದಲ್ಲಿ ಹಂಚುವಾಗ ಒಂದು ಕೈಯ ಅಶುಚಿತ್ವ ಅಥವಾ ಎರಡು ಗಂಟೆಗಳ ವಿಳಂಬವು ಹಬ್ಬದ ಮನೆಯನ್ನು ಆಸ್ಪತ್ರೆಯ ಅಂಗಳಕ್ಕೆ ಕರೆದೊಯ್ಯಬಲ್ಲದು. ಆದ್ದರಿಂದ ಈ ಪಾಠದಲ್ಲಿ ಪಾಕವಿಧಾನದಷ್ಟೇ ಪ್ರಾಮುಖ್ಯವನ್ನು ಕಾಲಪಟ್ಟಿಗೂ ಶುಚಿತ್ವಕ್ಕೂ ನೀಡಲಾಗಿದೆ.

ಈ ಪಾಠವನ್ನು ಓದಿದ ಬಳಿಕ ಸದಸ್ಯರು ಮೂರು ವಿಷಯಗಳನ್ನು ನಿರ್ಧರಿಸಲು ಶಕ್ತರಾಗಬೇಕು: ತಮ್ಮ ಗ್ರಾಮದಲ್ಲಿ ಈ ತಿನಿಸನ್ನು ಸುರಕ್ಷಿತವಾಗಿ ಮಾಡಲು ಸಾಧ್ಯವೇ, ಎಷ್ಟು ಸಾಮಗ್ರಿ ಬೇಕು, ಯಾವ ಕೆಲಸ ಯಾವ ಹೊತ್ತಿಗೆ ಆಗಬೇಕು.

1. ಈ ತಿನಿಸಿನ ಪರಿಚಯ

ಪದರ ಪದರವಾಗಿ ಜೋಡಿಸಿದ ಹಣ್ಣು–ಮೊಸರಿನ ಬಟ್ಟಲಿಗೆ ಹೋಟೆಲುಗಳಲ್ಲಿ ‘ಪಾರ್ಫೆ’ ಎಂಬ ಹೆಸರಿದೆ. ಇದು ಫ್ರೆಂಚ್ ಭಾಷೆಯ ಪದ. ‘ಪರಿಪೂರ್ಣ’ ಎಂಬುದು ಅದರ ಅರ್ಥ. ಫ್ರಾನ್ಸಿನಲ್ಲಿ ಆ ಹೆಸರು ಕೆನೆಯಿಂದ ಮಾಡಿ ಹೆಪ್ಪುಗಟ್ಟಿಸಿದ ಸಿಹಿಗೆ ಸಲ್ಲುತ್ತದೆ. ಅಮೆರಿಕದಲ್ಲಿ ಮೊಸರು, ಹಣ್ಣು ಮತ್ತು ಹುರಿದ ಧಾನ್ಯಗಳ ಪದರಗಳಿಗೆ ಅದೇ ಹೆಸರು ಬಳಕೆಗೆ ಬಂದಿತು. ಅಲ್ಲಿಯ ಸ್ವಾತಂತ್ರ್ಯ ದಿನವಾದ ಜುಲೈ 4ರಂದು ತಮ್ಮ ಧ್ವಜದ ಬಣ್ಣಗಳಿಗೆ ಹೊಂದುವಂತೆ ಕೆಂಪು ಮತ್ತು ನೀಲಿ ಹಣ್ಣುಗಳ ನಡುವೆ ಬಿಳಿ ಮೊಸರನ್ನಿಟ್ಟು ಮನೆಗಳಲ್ಲಿ ಇದನ್ನು ಮಾಡುವುದುಂಟು.

ಹೆಸರು ಹೊಸದಾದರೂ ಪದಾರ್ಥಗಳು ಕನ್ನಡ ನಾಡಿಗೆ ಹೊಸವಲ್ಲ. ಮೊಸರು–ಅವಲಕ್ಕಿ ಕೃಷ್ಣ ಜನ್ಮಾಷ್ಟಮಿಯ ಮನೆಗಳಲ್ಲಿ ಪರಿಚಿತ. ಶ್ರಾವಣದ ನಾಗರ ಪಂಚಮಿಗೆ ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ಅರಳು ಹುರಿಯುತ್ತಾರೆ. ಆಗಸ್ಟ್ 15ರ ಆಸುಪಾಸಿನಲ್ಲಿ ಆ ಅರಳು ಸುಲಭವಾಗಿ ಸಿಗುತ್ತದೆ. ಅವಲಕ್ಕಿಗೆ ಬದಲಾಗಿ ಅದನ್ನೇ ಬಳಸಬಹುದು.

ಪೌಷ್ಟಿಕತೆಯ ದೃಷ್ಟಿಯಿಂದಲೂ ಈ ಬಟ್ಟಲು ಪ್ರಯೋಜನಕಾರಿ. ಮೊಸರಿನಲ್ಲಿ ಸಸಾರಜನಕ ಮತ್ತು ಸುಣ್ಣದ ಅಂಶಗಳಿವೆ. ಪರಂಗಿ ಹಣ್ಣಿನ ಕೇಸರಿ ಬಣ್ಣಕ್ಕೆ ಕಾರಣವಾದ ಕೆರೋಟಿನ್ ವರ್ಗದ ವಸ್ತುಗಳಲ್ಲಿ ಕೆಲವು ದೇಹದಲ್ಲಿ ‘ಎ’ ಜೀವಸತ್ವವಾಗಿ ಪರಿವರ್ತನೆಗೊಳ್ಳುತ್ತವೆ. ಸೀಬೆ ಹಣ್ಣಿನಲ್ಲಿ ‘ಸಿ’ ಜೀವಸತ್ವವು ಕಿತ್ತಳೆಗಿಂತ ಅಧಿಕವಾಗಿದೆ. ಅವಲಕ್ಕಿಯಂತಹ ಧಾನ್ಯದಲ್ಲಿರುವ ಕಬ್ಬಿಣಾಂಶವನ್ನು ದೇಹವು ಹೀರಿಕೊಳ್ಳಲು ಅದು ನೆರವಾಗುತ್ತದೆ.

2. ಬಣ್ಣವು ಹಣ್ಣಿನಿಂದಲೇ ಬರಬೇಕು

ಮೇಲಿನ ಕೇಸರಿ ಪದರಕ್ಕೆ ಚೆನ್ನಾಗಿ ಕಳಿತ ಪರಂಗಿ, ನಡುವಿನ ಬಿಳಿ ಪದರಕ್ಕೆ ಗಟ್ಟಿ ಮೊಸರು, ಕೆಳಗಿನ ಹಸಿರು ಪದರಕ್ಕೆ ಸಿಪ್ಪೆಸಹಿತ ಹೆಚ್ಚಿದ ಹಸಿರು ಸೀಬೆ ಮತ್ತು ಸ್ವಲ್ಪ ಪುದೀನ. ಈ ಮೂರೂ ಆಗಸ್ಟ್ ತಿಂಗಳಿನಲ್ಲಿ ರಾಜ್ಯದ ಹೆಚ್ಚಿನ ಮಾರುಕಟ್ಟೆಗಳಲ್ಲಿ ದೊರೆಯುತ್ತವೆ. ಆ ಹೊತ್ತಿಗೆ ಮಾವಿನ ಸುಗ್ಗಿ ಮುಗಿದಿರುತ್ತದೆ. ದ್ರಾಕ್ಷಿಯ ಸುಗ್ಗಿ ಇನ್ನೂ ದೂರವಿರುತ್ತದೆ. ಕಿವಿ ಹಣ್ಣಿನಂತಹ ದುಬಾರಿ ಹಣ್ಣುಗಳಿಗೆ ಹಣ ವ್ಯಯಿಸುವ ಅಗತ್ಯವಿಲ್ಲ.

ಹಣ್ಣಿನ ಬಣ್ಣ ತಿಳಿಯಾಗಿಯೇ ಇರುತ್ತದೆ. ಸೀಬೆಯ ಹಸಿರು ಧ್ವಜದ ಹಸಿರಿನಷ್ಟು ಗಾಢವಾಗಿರುವುದಿಲ್ಲ. ಇದನ್ನು ಕೊರತೆಯೆಂದು ಭಾವಿಸಿ ಅಂಗಡಿಯಿಂದ ಬಣ್ಣದ ಪುಡಿ ತಂದು ಬೆರೆಸಬಾರದು. ತಿನಿಸುಗಳಲ್ಲಿ ರೋಡಮಿನ್–ಬಿ ಮುಂತಾದ ಹಾನಿಕಾರಕ ವಸ್ತುಗಳು ಪತ್ತೆಯಾದ ಹಿನ್ನೆಲೆಯಲ್ಲಿ ರಾಜ್ಯ ಸರ್ಕಾರವು 2024ರ ಮಾರ್ಚ್ ತಿಂಗಳಿನಲ್ಲಿ ಕಾಟನ್ ಕ್ಯಾಂಡಿ ಮತ್ತು ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿದ್ದನ್ನು ಸದಸ್ಯರು ಸ್ಮರಿಸಬಹುದು. ಗ್ರಾಮ ಪಂಚಾಯಿತಿಯೇ ಏರ್ಪಡಿಸುವ ತಿನಿಸಿನಲ್ಲಿ ಬಣ್ಣದ ಪುಡಿ ಇರಕೂಡದು.

ಇತರ ಹಬ್ಬಗಳಿಗೆ ಹಣ್ಣು ಬದಲಾಗುತ್ತದೆ. ಜನವರಿ 26ರ ವೇಳೆಗೆ ಕಿತ್ತಳೆ ಸಿಗುವುದರಿಂದ ಪರಂಗಿಯ ಬದಲು ಅದನ್ನು ಬಳಸಬಹುದು. ಸೀಬೆ ಆಗಲೂ ದೊರೆಯುತ್ತದೆ. ನವೆಂಬರ್ 1ರ ಕನ್ನಡ ರಾಜ್ಯೋತ್ಸವಕ್ಕೆ ಅರಿಶಿನ–ಕುಂಕುಮದ ಬಣ್ಣಗಳು ಬೇಕು. ಅನಾನಸ್ ಮತ್ತು ದಾಳಿಂಬೆ ಅದಕ್ಕೆ ಸರಿಹೊಂದುತ್ತವೆ. ಅನಾನಸ್ ಹಣ್ಣನ್ನು ಹಸಿಯಾಗಿ ಬಳಸಿದರೆ ಅದರಲ್ಲಿರುವ ಕಿಣ್ವವು ಮೊಸರಿನ ಸಸಾರಜನಕವನ್ನು ಒಡೆದು ಕಹಿ ರುಚಿಯನ್ನು ಉಂಟುಮಾಡುತ್ತದೆ. ಅದನ್ನು ಸಣ್ಣಗೆ ಹೆಚ್ಚಿ, ಕುದಿ ಬರುವವರೆಗೆ ಬೇಯಿಸಿ, ಪೂರ್ತಿ ತಣಿಸಿದ ಬಳಿಕವೇ ಸೇರಿಸಬೇಕು. ಪರಂಗಿಯಲ್ಲಿಯೂ ಇಂತಹ ಕಿಣ್ವವಿದೆ. ಕಾಯಿಯಲ್ಲಿ ಹೆಚ್ಚು, ಕಳಿತ ಹಣ್ಣಿನಲ್ಲಿ ಕಡಿಮೆ. ಆದಕಾರಣ ಪರಂಗಿ ಪೂರ್ತಿ ಕಳಿತಿರಬೇಕು. ಮೊಸರಿನ ಮೇಲೆ ಅದನ್ನು ಹಂಚುವುದಕ್ಕೆ ಸ್ವಲ್ಪ ಮೊದಲಷ್ಟೇ ಇಡಬೇಕು.

3. 100 ಬಟ್ಟಲುಗಳಿಗೆ ಬೇಕಾಗುವ ಸಾಮಗ್ರಿ

ಪ್ರತಿ ಬಟ್ಟಲಿಗೆ ಸುಮಾರು 135 ಗ್ರಾಂ ತಿನಿಸು ಎಂದು ಲೆಕ್ಕ ಹಾಕಲಾಗಿದೆ.

• ಮೊಸರು: 9 ಕಿಲೊ. ನೀರು ಬಸಿದ ಬಳಿಕ ಸುಮಾರು 5 ಕಿಲೊ ಗಟ್ಟಿ ಮೊಸರು ಉಳಿಯುತ್ತದೆ. ಬಟ್ಟಲಿಗೆ 50 ಗ್ರಾಂ.
• ಕಳಿತ ಪರಂಗಿ: 6 ಕಿಲೊ. ಸಿಪ್ಪೆ, ಬೀಜ ತೆಗೆದ ಬಳಿಕ ಸುಮಾರು 4 ಕಿಲೊ. ಬಟ್ಟಲಿಗೆ 40 ಗ್ರಾಂ.
• ಹಸಿರು ಸಿಪ್ಪೆಯ ಸೀಬೆ: 5 ಕಿಲೊ. ನಡುವಿನ ಬೀಜದ ಭಾಗ ತೆಗೆದ ಬಳಿಕ ಸುಮಾರು 3 ಕಿಲೊ; ಬಟ್ಟಲಿಗೆ 30 ಗ್ರಾಂ.
• ತೆಳು ಅವಲಕ್ಕಿ ಅಥವಾ ಜೋಳದ ಅರಳು: 1 ಕಿಲೊ, ಬಟ್ಟಲಿಗೆ 10 ಗ್ರಾಂ.
• ಬೆಲ್ಲ: 500 ಗ್ರಾಂ.
• ಏಲಕ್ಕಿ 10 ಗ್ರಾಂ, ನಿಂಬೆಹಣ್ಣು 5, ಪುದೀನ 1 ಕಟ್ಟು.
• ಹೊರಗಿನಿಂದ ತಂಪು ನೀಡಲು ಮಂಜುಗಡ್ಡೆ, ದೊಡ್ಡ ಪಾತ್ರೆಗಳು, ಮುಚ್ಚಳಗಳು.

ಮಕ್ಕಳ ಸಂಖ್ಯೆಗೆ ನೂರಕ್ಕೆ 5ರಂತೆ ಹೆಚ್ಚುವರಿ ಸೇರಿಸಿ ಲೆಕ್ಕ ಹಾಕಬೇಕು. ಉದಾಹರಣೆಗೆ 240 ಮಕ್ಕಳಿದ್ದರೆ 252 ಬಟ್ಟಲುಗಳಿಗೆ ಸಿದ್ಧತೆ ಬೇಕು. ಅಂದರೆ ಸುಮಾರು 23 ಕಿಲೊ ಮೊಸರು, 15 ಕಿಲೊ ಪರಂಗಿ, 13 ಕಿಲೊ ಸೀಬೆ, ಎರಡೂವರೆ ಕಿಲೊ ಅವಲಕ್ಕಿ ಮತ್ತು ಒಂದೂಕಾಲು ಕಿಲೊ ಬೆಲ್ಲ.

ಮೊಸರನ್ನು ಮನೆಮನೆಗಳಿಂದ ಸಂಗ್ರಹಿಸಕೂಡದು. ಹತ್ತು ಮನೆಗಳ ಹಾಲು, ಹತ್ತು ಬಗೆಯ ಪಾತ್ರೆ ಮತ್ತು ಹತ್ತು ಬಗೆಯ ಹುಳಿ ಒಂದೆಡೆ ಸೇರಿದರೆ ದೋಷ ಎಲ್ಲಿಂದ ಬಂದಿತೆಂದು ಪತ್ತೆ ಹಚ್ಚಲು ಸಾಧ್ಯವಾಗದು. ಪಾಶ್ಚರೀಕರಿಸಿದ ಹಾಲಿನಿಂದ ತಯಾರಾಗಿ ಮುಚ್ಚಿದ ಪೊಟ್ಟಣದಲ್ಲಿ ಬರುವ ಮೊಸರನ್ನೇ ಖರೀದಿಸಿ, ಪೊಟ್ಟಣದ ಮೇಲಿನ ದಿನಾಂಕವನ್ನು ಪರಿಶೀಲಿಸಿ, ರಸೀದಿಯನ್ನೂ ಒಂದು ಖಾಲಿ ಪೊಟ್ಟಣವನ್ನೂ ಎರಡು ದಿನ ಕಾಯ್ದಿರಿಸಬೇಕು.

4. ತಯಾರಿಸುವ ವಿಧಾನ

ಅವಲಕ್ಕಿ: ಹಿಂದಿನ ದಿನ ಸಂಜೆ ಸಣ್ಣ ಉರಿಯಲ್ಲಿ ಗರಿಗರಿಯಾಗುವವರೆಗೆ ಹುರಿದು, ಪೂರ್ತಿ ಆರಿದ ಬಳಿಕ ಒಣ ಡಬ್ಬದಲ್ಲಿ ಮುಚ್ಚಿಡಬೇಕು. ಹಿಂದಿನ ದಿನ ಮಾಡಿ ಹೊರಗಿಡಬಹುದಾದದ್ದು ಇದೊಂದೇ. ಕಡಲೆಕಾಯಿ ಬೀಜವನ್ನು ಇದರೊಂದಿಗೆ ಬೆರೆಸಬಾರದು. ಕೆಲವು ಮಕ್ಕಳಿಗೆ ಅದು ಒಗ್ಗುವುದಿಲ್ಲ, ಚಿಕ್ಕ ಮಕ್ಕಳ ಗಂಟಲಿನಲ್ಲಿ ಸಿಲುಕುವ ಅಪಾಯವೂ ಇದೆ.

ಮೊಸರು: ಕುದಿಸಿ ಒಣಗಿಸಿದ ಶುಭ್ರವಾದ ತೆಳು ಬಟ್ಟೆಯಲ್ಲಿ ಮೊಸರನ್ನು ಕಟ್ಟಿ, ಜರಡಿಯ ಮೇಲಿಟ್ಟು, ಕೆಳಗೆ ಪಾತ್ರೆಯಿರಿಸಿ, ರೆಫ್ರಿಜರೇಟರಿನೊಳಗೆ ರಾತ್ರಿಯಿಡೀ ಬಸಿಯಲು ಬಿಡಬೇಕು. ಮನೆಯಲ್ಲಿ ಮಾಡುವಂತೆ ಗೋಡೆಯ ಮೊಳೆಗೆ ತೂಗುಹಾಕಿ ಬಿಟ್ಟರೆ ಬೆಳಗಿನ ಹೊತ್ತಿಗೆ ಮೊಸರು ಹುಳಿಯಾಗುತ್ತದೆ. ಧೂಳು, ನೊಣಗಳಿಗೂ ಆಸ್ಪದವಾಗುತ್ತದೆ. ಬಸಿದ ಮೊಸರನ್ನು ಬೆಳಗ್ಗೆ ಶುಭ್ರವಾದ ಸೌಟಿನಿಂದ ಕಲಕಿ ನುಣ್ಣಗೆ ಮಾಡಿ, ಏಲಕ್ಕಿ ಪುಡಿ ಬೆರೆಸಿ ಮತ್ತೆ ತಂಪಿನಲ್ಲಿಡಬೇಕು. ಬಸಿದ ನೀರಿನಲ್ಲಿಯೂ ಪೋಷಕಾಂಶಗಳಿವೆ. ತಂಪಿನಲ್ಲಿಟ್ಟು ಅಂದೇ ಮಜ್ಜಿಗೆ ಹುಳಿಗೆ ಬಳಸಬಹುದು.

ಬೆಲ್ಲ: ಒಂದು ಲೋಟ ನೀರಿನಲ್ಲಿ ಕರಗಿಸಿ, ಕುದಿಸಿ, ಬಟ್ಟೆಯಲ್ಲಿ ಶೋಧಿಸಿ ತಣಿಸಬೇಕು. ಇದನ್ನು ಮೊಸರಿಗೆ ಬೆರೆಸಿದರೆ ಬಿಳಿ ಪದರ ಕಂದಾಗುತ್ತದೆ. ಆದ್ದರಿಂದ ಪರಂಗಿಯ ಹೋಳುಗಳಿಗೆ ಬೆರೆಸುವುದು ಲೇಸು. ಸಿಹಿಯೂ ಸಾಕಷ್ಟಾಗುತ್ತದೆ, ಕೇಸರಿ ಬಣ್ಣವೂ ಕೆಡುವುದಿಲ್ಲ.

ಹಣ್ಣು: ಹೆಚ್ಚುವ ಮೊದಲೇ ಇಡೀ ಹಣ್ಣನ್ನು ಕುಡಿಯುವ ನೀರಿನಲ್ಲಿ ಉಜ್ಜಿ ತೊಳೆಯಬೇಕು. ತೊಳೆಯದ ಸಿಪ್ಪೆಯ ಮೇಲೆ ಚಾಕು ಹಾಯ್ದಾಗ ಹೊರಗಿನ ಮಣ್ಣು ಮತ್ತು ರೋಗಾಣುಗಳು ತಿರುಳಿಗೆ ಸೇರುತ್ತವೆ. ಸೀಬೆಯನ್ನು ಕಡಲೆ ಕಾಳಿನಷ್ಟು ಸಣ್ಣಗೆ ಹೆಚ್ಚಿ, ನಿಂಬೆರಸ ಬೆರೆಸಿದರೆ ಬೇಗ ಕಪ್ಪಾಗುವುದಿಲ್ಲ. ಅದಕ್ಕೆ ತೊಳೆದು ಸಣ್ಣಗೆ ಹೆಚ್ಚಿದ ಪುದೀನ ಸೇರಿಸಬೇಕು. ಹೆಚ್ಚಿದ ಹಣ್ಣನ್ನು ಮುಚ್ಚಿದ ಪಾತ್ರೆಯಲ್ಲಿ ಮಂಜುಗಡ್ಡೆಯ ಮೇಲಿರಿಸಬೇಕು. ಮಂಜುಗಡ್ಡೆ ಯಾವ ನೀರಿನದೆಂದು ತಿಳಿಯದ ಕಾರಣ ಅದು ತಿನಿಸಿನೊಳಗೆ ಬೀಳಕೂಡದು.

ಪದರ ಜೋಡಣೆ: ಬಟ್ಟಲಿನ ತಳದಲ್ಲಿ ಅವಲಕ್ಕಿ, ಅದರ ಮೇಲೆ ಸೀಬೆ, ಬಳಿಕ ಮೊಸರು, ಕೊನೆಯಲ್ಲಿ ಪರಂಗಿ. ಸೀಬೆಯಲ್ಲಿ ರಸ ಕಡಿಮೆಯಿರುವುದರಿಂದ ಮೊಸರಿನ ತೇವವು ನೇರವಾಗಿ ಅವಲಕ್ಕಿಗೆ ತಗಲುವುದಿಲ್ಲ. ಕೆಲಕಾಲ ಗರಿಗರಿಯಾಗಿ ಉಳಿಯುತ್ತದೆ. ನಾಲ್ವರು ಸಾಲಾಗಿ ನಿಂತು, ಒಬ್ಬೊಬ್ಬರು ಒಂದೊಂದು ಪದರವನ್ನು ಅಳತೆಯ ಚಮಚದಿಂದ ಹಾಕುತ್ತ ಹೋದರೆ ಕೆಲಸ ಬೇಗ ಸಾಗುತ್ತದೆ. ಎಲ್ಲ ಮಕ್ಕಳಿಗೂ ಸಮಪಾಲು ದೊರೆಯುತ್ತದೆ.

ಅಂಗನವಾಡಿ ಮಕ್ಕಳಿಗೆ: ಗರಿಗರಿ ಅವಲಕ್ಕಿಯ ಬದಲು ನೆನೆಸಿ ಮೆತ್ತಗಾದ ಅವಲಕ್ಕಿ, ಸೀಬೆಯ ಬದಲು ಹಿಸುಕಿದ ಬಾಳೆಹಣ್ಣು ನೀಡಬೇಕು. ಹಸಿರು ಪದರ ತಪ್ಪಿತೆಂದು ಚಿಂತಿಸಬೇಕಿಲ್ಲ. ದ್ರಾಕ್ಷಿಯನ್ನು ಬಳಸುವ ಕಾಲದಲ್ಲಿ ಅದನ್ನು ಉದ್ದುದ್ದವಾಗಿ ನಾಲ್ಕು ಸೀಳುಗಳನ್ನಾಗಿ ಮಾಡದೆ ಐದು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು.

5. ಕಾಲಪಟ್ಟಿ

ರೋಗಾಣುಗಳು 5ರಿಂದ 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನಡುವೆ ವೃದ್ಧಿಯಾಗುತ್ತವೆ. ಮೊಸರಿನ ಹುಳಿ ಅವುಗಳ ವೇಗವನ್ನು ತಗ್ಗಿಸುತ್ತದೆ. ಆದರೆ ಹೆಚ್ಚಿದ ಪರಂಗಿಯಲ್ಲಿ ಅಂತಹ ಹುಳಿಯ ರಕ್ಷಣೆ ಇಲ್ಲ. ಆದ್ದರಿಂದ ತಂಪಿನಿಂದ ಹೊರತೆಗೆದ ಕ್ಷಣದಿಂದ ಮಗು ತಿಂದು ಮುಗಿಸುವವರೆಗಿನ ಒಟ್ಟು ಅವಧಿ 2 ಗಂಟೆ ಮೀರಬಾರದು. ಬಿಸಿಲು ಹೆಚ್ಚಿರುವ ಜಿಲ್ಲೆಗಳಲ್ಲಿ ಉಷ್ಣತೆ 32 ಡಿಗ್ರಿ ದಾಟಿದ್ದರೆ ಅದು 1 ಗಂಟೆಗೆ ಇಳಿಯುತ್ತದೆ.

ಹಂಚಿಕೆಯ ಹೊತ್ತನ್ನು ಮೊದಲು ಗೊತ್ತುಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬರುವುದು ಸರಿಯಾದ ಕ್ರಮ. ಹಂಚಿಕೆ 9.30ಕ್ಕೆ ಎಂದಿಟ್ಟುಕೊಂಡರೆ:

• ಆಗಸ್ಟ್ 14, ಬೆಳಗ್ಗೆ: ಹಣ್ಣು, ಅವಲಕ್ಕಿ, ಬೆಲ್ಲದ ಖರೀದಿ.
• ಸಂಜೆ 5.00: ಅವಲಕ್ಕಿ ಹುರಿಯುವುದು, ಪಾತ್ರೆ, ಚಾಕು, ಹಲಗೆಗಳನ್ನು ತೊಳೆದು ಒಣಗಿಸುವುದು.
• ರಾತ್ರಿ 8.00: ಮೊಸರು ಬಸಿಯಲು ಇಡುವುದು.
• ಆಗಸ್ಟ್ 15, ಬೆಳಗ್ಗೆ 6.00: ತಂಡದವರು ಸೇರುವುದು, ಕೈ ತೊಳೆಯುವುದು, ಬೆಲ್ಲದ ಪಾಕ.
• 6.30: ಹಣ್ಣು ತೊಳೆಯುವುದು.
• 7.00ರಿಂದ 8.15: ಹೆಚ್ಚುವುದು, ಪ್ರತಿ ಪಾತ್ರೆ ತುಂಬಿದೊಡನೆ ಮಂಜುಗಡ್ಡೆಯ ಮೇಲೆ.
• 8.45ರಿಂದ 9.25: ಪದರ ಜೋಡಣೆ.
• 9.30ರಿಂದ 10.00: ಹಂಚಿಕೆ.
• 10.30: ಉಳಿದುದನ್ನು ವಿಲೇವಾರಿ ಮಾಡುವುದು.

ಭಾಷಣಗಳು ಬೆಳೆದು ಕಾರ್ಯಕ್ರಮ ತಡವಾಗುವುದು ಸಾಮಾನ್ಯ. ಅಂತಹ ಸಂದರ್ಭದಲ್ಲಿ ಬಟ್ಟಲುಗಳು ಕಾಯಬಾರದು; ಭಾಷಣ ಕಾಯಬೇಕು. ಧ್ವಜವಂದನೆ ಮತ್ತು ರಾಷ್ಟ್ರಗೀತೆ ಮುಗಿದೊಡನೆ ಮಕ್ಕಳನ್ನು ನೆರಳಿನಲ್ಲಿ ಕುಳ್ಳಿರಿಸಿ, ತಿನಿಸು ಹಂಚಿ, ತರುವಾಯ ಭಾಷಣಗಳನ್ನು ಮುಂದುವರಿಸಲು ಅಧ್ಯಕ್ಷರು ಮೊದಲೇ ಕಾರ್ಯಕ್ರಮಪಟ್ಟಿಯಲ್ಲಿ ಸೂಚಿಸುವುದು ಒಳಿತು. ಉಳಿದ ಬಟ್ಟಲುಗಳನ್ನು ಮಧ್ಯಾಹ್ನಕ್ಕೆಂದು ಕಾಯ್ದಿರಿಸುವುದಾಗಲಿ, ಮನೆಗೆ ಕಳುಹಿಸುವುದಾಗಲಿ ಸಲ್ಲದು.

6. ಕೈಗಳ ಶುಚಿತ್ವ

ಈ ತಿನಿಸನ್ನು ಜೋಡಿಸಿದ ಬಳಿಕ ಬೇಯಿಸುವುದಿಲ್ಲ. ಅನ್ನ–ಸಾರಿನಲ್ಲಾದರೆ ಬೆಂಕಿಯು ಅನೇಕ ತಪ್ಪುಗಳನ್ನು ಸುಟ್ಟುಹಾಕುತ್ತದೆ. ಇಲ್ಲಿ ಕೈಗೂ ಮಗುವಿನ ಬಾಯಿಗೂ ನಡುವೆ ಬೆಂಕಿಯಿಲ್ಲ. ಆದ್ದರಿಂದ ಕೆಳಗಿನ ನಿಯಮಗಳಲ್ಲಿ ಸಡಿಲಿಕೆ ಇರಬಾರದು.

• ಹಿಂದಿನ 48 ಗಂಟೆಗಳಲ್ಲಿ ವಾಂತಿ ಅಥವಾ ಭೇದಿಯಾದವರು, ಕೈಯಲ್ಲಿ ಕೀವು ತುಂಬಿದ ಗಾಯವಿರುವವರು ಈ ಕೆಲಸದಲ್ಲಿ ತೊಡಗಕೂಡದು. ಕೀವಿನ ಗಾಯದಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯ ಆಹಾರದಲ್ಲಿ ವಿಷವನ್ನು ಉತ್ಪಾದಿಸಬಲ್ಲದು. ಆ ವಿಷವು ಬಿಸಿ ಮಾಡಿದರೂ ನಾಶವಾಗುವುದಿಲ್ಲ.
• ಉಂಗುರ, ಕೈಗಡಿಯಾರ ತೆಗೆದು, ಉಗುರು ಕತ್ತರಿಸಿ, ಮೊಣಕೈವರೆಗೆ ಸಾಬೂನಿನಿಂದ ತೊಳೆಯಬೇಕು. ಶೌಚಕ್ಕೆ ಹೋಗಿ ಬಂದಾಗ, ಮೊಬೈಲ್ ಮುಟ್ಟಿದಾಗ ಮತ್ತೆ ತೊಳೆಯಬೇಕು.
• ತಲೆಗೂದಲನ್ನು ಬಟ್ಟೆಯಿಂದ ಕಟ್ಟಬೇಕು. ಹೆಚ್ಚಿದ ಹಣ್ಣನ್ನೂ ಮೊಸರನ್ನೂ ಬರಿಗೈಯಿಂದ ಮುಟ್ಟದೆ ಚಮಚವನ್ನೇ ಬಳಸಬೇಕು.
• ಮಕ್ಕಳ ಕೈ ತೊಳೆಸಿದ ಬಳಿಕವೇ ಬಟ್ಟಲು ನೀಡಬೇಕು. ಇದಕ್ಕೆ ನೀರು, ಸಾಬೂನು ಮತ್ತು ಇಬ್ಬರು ಮೇಲ್ವಿಚಾರಕರನ್ನು ಮೊದಲೇ ಗೊತ್ತುಪಡಿಸಬೇಕು.

ತಯಾರಿಕೆಯನ್ನು ಸಂಜೀವಿನಿ ಒಕ್ಕೂಟದ ಸ್ವಸಹಾಯ ಗುಂಪಿಗೆ ಅಥವಾ ಶಾಲೆಯ ಅಡುಗೆ ಸಿಬ್ಬಂದಿಗೆ ವಹಿಸುವುದಾದರೆ ಅವರ ಶ್ರಮಕ್ಕೆ ಸೂಕ್ತ ಸಂಭಾವನೆಯನ್ನೂ ಗೊತ್ತುಮಾಡಬೇಕು. ಬೆಳಗಿನ 6 ಗಂಟೆಗೆ ಬರುವ ಮಹಿಳೆಯರ ದುಡಿಮೆಯನ್ನು ಹಬ್ಬದ ಹೆಸರಿನಲ್ಲಿ ಪುಕ್ಕಟೆಯೆಂದು ಎಣಿಸುವುದು ನ್ಯಾಯವಲ್ಲ.

7. ಬಟ್ಟಲು ಯಾವುದಿರಬೇಕು

ಪದರಗಳು ಹೊರಗಿನಿಂದ ಕಾಣಬೇಕಾದರೆ ಪಾರದರ್ಶಕ ಲೋಟ ಬೇಕು. ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಅಂತಹ ಲೋಟ ಪ್ಲಾಸ್ಟಿಕಿನದು. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚಗಳು 2016ರಿಂದಲೇ ನಿಷಿದ್ಧ. 2022ರ ಜುಲೈ 1ರಿಂದ ಏಕಬಳಕೆಯ ಇಂತಹ ವಸ್ತುಗಳಿಗೆ ದೇಶದಾದ್ಯಂತ ನಿಷೇಧವಿದೆ. ಪ್ಲಾಸ್ಟಿಕ್ ಬಾವುಟಗಳೂ ಈ ನಿಷೇಧದಲ್ಲಿ ಸೇರಿವೆ. ಕಾಗದದ ಲೋಟಗಳ ಒಳಮೈಗೆ ಸಾಮಾನ್ಯವಾಗಿ ತೆಳುವಾದ ಪ್ಲಾಸ್ಟಿಕ್ ಲೇಪವಿರುವುದರಿಂದ ಅವೂ ಯೋಗ್ಯವಲ್ಲ.

ಶಾಲೆಯಲ್ಲಿರುವ ಸ್ಟೀಲ್ ಲೋಟಗಳು ಮೊದಲ ಆಯ್ಕೆ. ಅವು ಸಾಲದಿದ್ದರೆ ಅಡಿಕೆ ಹಾಳೆಯ ಅಥವಾ ಮುತ್ತುಗದ ಎಲೆಯ ದೊನ್ನೆಗಳನ್ನು ಬಳಸಬಹುದು. ಪದರಗಳು ಹೊರಗೆ ಕಾಣುವುದಿಲ್ಲವಾದರೂ ಮಗು ಚಮಚವಿಟ್ಟು ತೆಗೆದಾಗ ಒಂದೊಂದಾಗಿ ಕಾಣುತ್ತವೆ. ಎಲ್ಲರಿಗೂ ತೋರಿಸುವ ಅಪೇಕ್ಷೆಯಿದ್ದರೆ ಮೇಜಿನ ಮೇಲೆ ಒಂದು ಗಾಜಿನ ಲೋಟದಲ್ಲಿ ಮಾದರಿಯನ್ನು ಜೋಡಿಸಿಟ್ಟರೆ ಸಾಕು. ಸಿಪ್ಪೆ, ಬೀಜ, ದೊನ್ನೆಗಳನ್ನು ಹಸಿ ಕಸವೆಂದು ಬೇರ್ಪಡಿಸಿ ಗೊಬ್ಬರದ ಗುಂಡಿಗೆ ಸೇರಿಸಬೇಕು.

8. ಧ್ವಜದ ಗೌರವ

1938ರ ಏಪ್ರಿಲ್ ತಿಂಗಳಿನಲ್ಲಿ ಮೈಸೂರು ಸಂಸ್ಥಾನದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ ಹಲವರು ಪ್ರಾಣ ತೆತ್ತರು. ಹಳ್ಳಿಯ ಜನರು ಜೀವ ಕೊಟ್ಟು ಎತ್ತಿ ಹಿಡಿದ ಧ್ವಜದ ಬಣ್ಣಗಳು ತಿನಿಸಿನಲ್ಲಿ ಬರುವಾಗ ಎಚ್ಚರ ಅಗತ್ಯ.

ಅಶೋಕ ಚಕ್ರವಿದ್ದ ತ್ರಿವರ್ಣದ ಕೇಕನ್ನು ಕತ್ತರಿಸಿದ ಪ್ರಕರಣವೊಂದರಲ್ಲಿ, ಅದು ರಾಷ್ಟ್ರ ಗೌರವಕ್ಕೆ ಅಪಮಾನ ತಡೆ ಕಾಯ್ದೆ, 1971ರ ಅಡಿಯಲ್ಲಿ ಅಪರಾಧವಾಗದೆಂದು ಮದ್ರಾಸ್ ಉಚ್ಚ ನ್ಯಾಯಾಲಯವು 2021ರ ಮಾರ್ಚ್ ತಿಂಗಳಿನಲ್ಲಿ ತೀರ್ಪು ನೀಡಿತು. ಆದರೂ ಗ್ರಾಮ ಪಂಚಾಯಿತಿಯು ವಿವಾದಕ್ಕೆ ಎಡೆಗೊಡದಿರುವುದು ಜಾಣತನ. ಬಟ್ಟಲಿನ ಮೇಲೆ ಅಶೋಕ ಚಕ್ರದ ಆಕೃತಿ ಬಿಡಿಸಬಾರದು; ಕಾಗದದ ಬಾವುಟವನ್ನು ತಿನಿಸಿಗೆ ಚುಚ್ಚಬಾರದು, ಏಕೆಂದರೆ ಅದು ಕೊನೆಗೆ ಎಂಜಲಿನೊಂದಿಗೆ ಕಸಕ್ಕೆ ಸೇರುತ್ತದೆ; ಧ್ವಜದ ಚಿತ್ರವಿರುವ ಕೈಒರೆಸು ಕಾಗದಗಳನ್ನು ತರಬಾರದು. ಮಕ್ಕಳು ಹಿಡಿದ ಕಾಗದದ ಬಾವುಟಗಳನ್ನು ನೆಲಕ್ಕೆ ಬಿಸಾಡದಂತೆ ಸಂಗ್ರಹಿಸಿ, ಭಾರತದ ಧ್ವಜ ಸಂಹಿತೆ, 2002 ತಿಳಿಸುವಂತೆ ಏಕಾಂತದಲ್ಲಿ ಗೌರವಯುತವಾಗಿ ವಿಲೇವಾರಿ ಮಾಡಬೇಕು.

9. ಒಂದೇ ಸಾಲು, ಒಂದೇ ಬಟ್ಟಲು

ತಯಾರಿಸುವ ತಂಡದಲ್ಲಿ ಊರಿನ ಎಲ್ಲ ಕೇರಿಗಳ ಮಹಿಳೆಯರೂ ಇರುವಂತೆ ಸದಸ್ಯರು ನೋಡಿಕೊಳ್ಳಬೇಕು. ಸಂವಿಧಾನದ 17ನೇ ವಿಧಿಯು ಅಸ್ಪೃಶ್ಯತೆಯನ್ನು ರದ್ದುಪಡಿಸಿದೆ. ಆ ವಿಧಿಯ ಪಾಲನೆ ಭಾಷಣದಲ್ಲಿ ಮುಗಿಯದೆ ಪಂಕ್ತಿಯಲ್ಲಿ ಕಾಣಬೇಕು. ಅತಿಥಿಗಳಿಗೆ ಬೇರೆ ತಟ್ಟೆ, ಮಕ್ಕಳಿಗೆ ಬೇರೆ ಬಟ್ಟಲು ಎಂಬ ಭೇದ ಬೇಡ. ಅಧ್ಯಕ್ಷರು, ಸದಸ್ಯರು ಮತ್ತು ಅಧಿಕಾರಿಗಳು ಮಕ್ಕಳ ಸಾಲಿನಲ್ಲಿಯೇ ಕುಳಿತು ಅದೇ ತಿನಿಸನ್ನು ಸ್ವೀಕರಿಸುವುದರಿಂದ ಎರಡು ಪ್ರಯೋಜನಗಳಿವೆ: ಸಮಾನತೆಯ ಪಾಠ ಮಕ್ಕಳಿಗೆ ಕಣ್ಣೆದುರು ದೊರೆಯುತ್ತದೆ, ತಾವೂ ತಿನ್ನಬೇಕಾದ ಆಹಾರದ ಶುಚಿತ್ವದ ಬಗ್ಗೆ ಹಿರಿಯರ ಗಮನವೂ ಹೆಚ್ಚುತ್ತದೆ.

10. ಯಾವಾಗ ಮಾಡಬಾರದು

ಈ ಕೆಳಗಿನ ನಾಲ್ಕರಲ್ಲಿ ಒಂದಾದರೂ ಇಲ್ಲದಿದ್ದರೆ ಮೊಸರಿನ ಬಟ್ಟಲನ್ನು ಕೈಬಿಡಬೇಕು: ಕುಡಿಯಲು ಯೋಗ್ಯವಾದ ನೀರು, ರೆಫ್ರಿಜರೇಟರ್, ಬೆಳಗಿನ ಬಳಕೆಗೆ ಸಾಕಷ್ಟು ಮಂಜುಗಡ್ಡೆ, ನಿಯಮ ತಿಳಿದ ತಂಡ. ಅಂತಹ ಗ್ರಾಮಗಳಲ್ಲಿ ಇಡೀ ಬಾಳೆಹಣ್ಣು, ಶೇಂಗಾ ಇಲ್ಲದ ಹುರಿದ ಅವಲಕ್ಕಿ ಮತ್ತು ಬೆಲ್ಲದ ತುಂಡು ನೀಡಿದರೆ ಹಬ್ಬಕ್ಕೆ ಯಾವ ಕುಂದೂ ಇಲ್ಲ. ಬಾಳೆಹಣ್ಣಿನ ಸಿಪ್ಪೆಯೇ ಅದರ ಮುಚ್ಚಳ. ಮಗು ತನ್ನ ಕೈಯಿಂದಲೇ ಅದನ್ನು ಸುಲಿಯುತ್ತದೆ.

ಚರ್ಚೆಗೆ ಒಂದು ಪ್ರಸಂಗ

ಒಂದು ಗ್ರಾಮ ಪಂಚಾಯಿತಿಯಲ್ಲಿ 240 ಮಕ್ಕಳಿಗೆ ಸಿದ್ಧತೆ ನಡೆದಿದೆ ಎಂದು ಭಾವಿಸಿರಿ. ಆಗಸ್ಟ್ 14ರ ರಾತ್ರಿ 10 ಗಂಟೆಗೆ ಮಳೆಗಾಳಿಯಿಂದ ವಿದ್ಯುತ್ ಕಡಿತಗೊಂಡು ಬೆಳಗಿನ 5 ಗಂಟೆಗೆ ಮರಳಿತು. ರೆಫ್ರಿಜರೇಟರಿನಲ್ಲಿ 23 ಕಿಲೊ ಮೊಸರು ಬಸಿಯುತ್ತಿದೆ. ನೋಡಲು ಚೆನ್ನಾಗಿದೆ, ವಾಸನೆಯೂ ಕೆಟ್ಟಿಲ್ಲ. ಹಣ ಪಾವತಿಯಾಗಿದೆ, ಮಕ್ಕಳಿಗೆ ಹಿಂದಿನ ದಿನವೇ ಸುದ್ದಿ ತಿಳಿದಿದೆ. ಸದಸ್ಯರು ಏನು ಮಾಡಬೇಕು?

ಬಾಗಿಲು ತೆರೆಯದಿದ್ದರೆ ರೆಫ್ರಿಜರೇಟರ್ ಸುಮಾರು 4 ಗಂಟೆ ಕಾಲ ತಂಪನ್ನು ಕಾಯ್ದುಕೊಳ್ಳುತ್ತದೆ. ಇಲ್ಲಿ 7 ಗಂಟೆ ಕಳೆದಿದೆ. ರೋಗಾಣುಗಳು ಬೆಳೆದ ಆಹಾರ ನೋಟದಿಂದಾಗಲಿ ವಾಸನೆಯಿಂದಾಗಲಿ ತಿಳಿಯಬೇಕೆಂದಿಲ್ಲ. ಆದ್ದರಿಂದ ಆ ಮೊಸರನ್ನು ಮಕ್ಕಳಿಗೆ ಕೊಡಬಾರದು. ಹೊಸದಾಗಿ ಬೆಳಗ್ಗೆ ತಂಪಾದ ಪೊಟ್ಟಣಗಳು ದೊರೆತರೆ ಬಸಿಯದೆಯೇ ಬಳಸಬಹುದು. ಪದರ ಸ್ವಲ್ಪ ತೆಳುವಾದೀತು, ಅಷ್ಟೆ. ಅದೂ ದೊರೆಯದಿದ್ದರೆ ಆಗಲೇ ಹೆಚ್ಚಿದ ಹಣ್ಣು ಮತ್ತು ಅವಲಕ್ಕಿಯನ್ನಷ್ಟೇ ನೀಡಬೇಕು. 23 ಕಿಲೊ ಮೊಸರಿನ ನಷ್ಟವನ್ನು ಮುಂದಿನ ಸಭೆಯಲ್ಲಿ ಕಾರಣಸಹಿತ ದಾಖಲಿಸಬಹುದು. ಒಂದು ಮಗುವಿನ ಅಸ್ವಸ್ಥತೆಗೆ ಅಂತಹ ದಾಖಲೆ ಪರಿಹಾರವಾಗದು.

ತಿಂದ ಬಳಿಕ ಯಾವುದೇ ಮಗುವಿಗೆ ವಾಂತಿ, ಹೊಟ್ಟೆನೋವು ಅಥವಾ ಭೇದಿ ಕಾಣಿಸಿದರೆ ಹಂಚಿಕೆಯನ್ನು ತಕ್ಷಣ ನಿಲ್ಲಿಸಿ, 108ಕ್ಕೆ ಕರೆ ಮಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಪರೀಕ್ಷೆಗೆ ಅನುಕೂಲವಾಗುವಂತೆ ಒಂದು ಬಟ್ಟಲನ್ನು ಮುಚ್ಚಿ ತಂಪಿನಲ್ಲಿ ಕಾಯ್ದಿರಿಸಬೇಕು. ವಿಷಯವನ್ನು ಮುಚ್ಚಿಡುವುದರಿಂದ ಉಳಿದ ಮಕ್ಕಳ ಚಿಕಿತ್ಸೆ ತಡವಾಗುತ್ತದೆ.

ಸಭೆಯಲ್ಲಿ ಉತ್ತರಿಸಬೇಕಾದ ಪ್ರಶ್ನೆಗಳು

1. ಶಾಲೆ ಮತ್ತು ಅಂಗನವಾಡಿಗಳ ಮಕ್ಕಳ ಖಚಿತ ಸಂಖ್ಯೆ ಎಷ್ಟು? ಮೂರು ವರ್ಷದೊಳಗಿನವರು ಎಷ್ಟು ಮಂದಿ?
2. ಹಾಲಿನ ಪದಾರ್ಥ ಒಗ್ಗದ ಮಕ್ಕಳಿದ್ದಾರೆಯೇ? ಅವರಿಗೆ ಪ್ರತ್ಯೇಕ ಹಣ್ಣಿನ ಬಟ್ಟಲಿನ ವ್ಯವಸ್ಥೆ ಏನು?
3. ನೀರು, ರೆಫ್ರಿಜರೇಟರ್, ಮಂಜುಗಡ್ಡೆ, ತಂಡ – ಈ ನಾಲ್ಕೂ ಇವೆಯೇ?
4. ಹಂಚಿಕೆಯ ಹೊತ್ತು ಯಾವುದು? ಅದನ್ನು ತಡಮಾಡದಂತೆ ನೋಡಿಕೊಳ್ಳುವ ಸದಸ್ಯರು ಯಾರು?
5. ಸಂಶಯ ಬಂದಲ್ಲಿ ಮೊಸರನ್ನು ಕೈಬಿಡುವ ಅಧಿಕಾರ ಯಾರಿಗೆ? ಆ ವ್ಯಕ್ತಿ ಬೆಳಗಿನ 6 ಗಂಟೆಗೆ ಸ್ಥಳದಲ್ಲಿರುವರೇ?

ಐದನೆಯ ಪ್ರಶ್ನೆಗೆ ಒಂದು ಹೆಸರು ನಡಾವಳಿಯಲ್ಲಿ ದಾಖಲಾದ ಬಳಿಕವೇ ಖರೀದಿಗೆ ಮುಂದಾಗುವುದು ಸೂಕ್ತ.